ಬಸುರಿ ಆದ ಮೇಲೆ ಖಿನ್ನತೆಯ ಗುಳಿಗೆ ನಿಲ್ಲಿಸಬೇಕಾ? ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರು ಹೇಳಿ

ರೋಣದ_ಮಗಳು

ಎಲ್ಲರಿಗೂ ನಮಸ್ಕಾರ. ನನ್ನ ತವರು ರೋಣ, ಗಂಡನ ಮನೆ ಹುಬ್ಬಳ್ಳಿ. ಮದುವೆಗೆ ಮುಂಚೆ ಒಮ್ಮೆ, ಮದುವೆ ಆದ ಮೇಲೆ ಒಮ್ಮೆ ಖಿನ್ನತೆ ಬಂದಿತ್ತು. ಎರಡನೇ ಸಲ ಬಹಳ ಜೋರಾಗಿತ್ತು. ಊಟ ಸೇರುತ್ತಿರಲಿಲ್ಲ. ಬೆಳಗಿನ ಜಾವ ಮೂರಕ್ಕೇ ಎಚ್ಚರ ಆಗುತ್ತಿತ್ತು. ಯಾಕಾದರೂ ಬದುಕಿದ್ದೇನೆ ಅನ್ನಿಸುತ್ತಿತ್ತು. ಆಗ ಸರ್ಟ್ರಲೀನ್ ಶುರು ಮಾಡಿದರು. ಈಗ ದಿನಕ್ಕೆ 50 ಮಿಲಿಗ್ರಾಂ. ವರ್ಷದ ಮೇಲಾಯಿತು, ಆರಾಮಾಗಿದ್ದೇನೆ.

ಈಗ ನಾನು ಏಳು ವಾರದ ಬಸುರಿ. ಸುದ್ದಿ ಹೇಳಿದ ದಿನವೇ ಮನೆಯಲ್ಲಿ ಗುಳಿಗೆ ಮಾತು ಬಂತು. "ಆ ತಲಿ ಗುಳಿಗಿ ಮೊದಲ ಬಿಡು, ಕೂಸಿಗೆ ಹತ್ತತೈತಿ" ಅಂತ ಅತ್ತೆ ಅಂದರು. ಸಿಟ್ಟಿನಿಂದ ಅಂದಿದ್ದಲ್ಲ, ಹೆದರಿ ಅಂದಿದ್ದು. ಮೆಡಿಕಲ್ ಅಂಗಡಿಯ ಹುಡುಗನೂ "ಬಸುರಿಯರಿಗೆ ಇದನ್ನ ಕೊಡೋದಿಲ್ಲ" ಅಂದ. ಹೆರಿಗೆ ಡಾಕ್ಟರು ಮನೋವೈದ್ಯರನ್ನು ಕೇಳಿ ಅಂದರು. ಮನೋವೈದ್ಯರು ಊರಲ್ಲಿಲ್ಲ, ಮುಂದಿನ ವಾರ ಬರುತ್ತಾರಂತೆ. ಅಲ್ಲಿಯವರೆಗೆ ಏನು ಮಾಡಲಿ? ಮೊಬೈಲಿನಲ್ಲಿ ಹುಡುಕಿದರೆ ಒಬ್ಬರು ಕೂಸಿನ ಹೃದಯದಲ್ಲಿ ತೂತು ಆಗುತ್ತೆ ಅಂತಾರೆ, ಇನ್ನೊಬ್ಬರು ಏನೂ ಆಗಲ್ಲ ಅಂತಾರೆ. ಯಾರನ್ನು ನಂಬಬೇಕು?

ಬ್ಯಾಡಗಿ_ಖಾರ

ನೇರ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ ಅಕ್ಕಾರೆ. ಬಿಟ್ಟುಬಿಡಿ. ಥಾಲಿಡೊಮೈಡ್ ಕಥೆ ಗೊತ್ತಲ್ವಾ? ನಿದ್ದೆಗೆ, ಬಸುರಿಯರ ವಾಂತಿಗೆ ಅಂತ ಕೊಟ್ಟರು. ಕೈಕಾಲು ಇಲ್ಲದ ಸಾವಿರಾರು ಮಕ್ಕಳು ಹುಟ್ಟಿದ ಮೇಲೆ 1961ರಲ್ಲಿ ವಾಪಸ್ ತಗೊಂಡರು. ಅದನ್ನೂ ಆಗ ಸುರಕ್ಷಿತ ಅಂತಲೇ ಮಾರಿದ್ದರು. ನಮ್ಮ ಅಜ್ಜಿ ಹನ್ನೊಂದು ಹೆತ್ತಳು, ಒಂದು ಗುಳಿಗೆ ನುಂಗಿದವಳಲ್ಲ. ಸುಮ್ನೆ ಮನಸ್ಸು ಗಟ್ಟಿ ಮಾಡ್ಕೊಂಡರೆ ಎಲ್ಲ ಸರಿಹೋಗುತ್ತದೆ. ಬೇಕಾದರೆ ಅಶ್ವಗಂಧ ತಗೊಳ್ಳಿ.

ರಾಣೆಬೆನ್ನೂರು_ಸಿಸ್ಟರ್

ಖಾರದ ಅಣ್ಣಾರೆ, ಹನ್ನೊಂದರಲ್ಲಿ ಎಷ್ಟು ಕೂಸು ಉಳಿದವು ಅದನ್ನೂ ಹೇಳಿಬಿಡಿ. ನಾನು ಹೆರಿಗೆ ವಾರ್ಡಿನಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವಳು. ಇನ್ನು ಅಶ್ವಗಂಧ ಬಸುರಿಯರಿಗೆ ಬೇಡ ಅಂತಲೇ ಹೇಳುವುದು. ಗಿಡಮೂಲಿಕೆ ಅಂದ ಕೂಡಲೇ ಕೂಸಿಗೆ ಹತ್ತಲ್ಲ ಅಂತೇನಿಲ್ಲ.

ತಂಗೆವ್ವ, ಮೊದಲು ಇದಿಷ್ಟು ಕೇಳು. ಡಾಕ್ಟರನ್ನು ನೋಡುವವರೆಗೆ ಇವತ್ತಿನ ಗುಳಿಗೆ ಬಿಡಬೇಡ. ನಾಳಿನದೂ ಬಿಡಬೇಡ. ಮುಂದಿನ ವಾರದವರೆಗೆ ಕಾಯುವ ಅಗತ್ಯವೂ ಇಲ್ಲ. ಧಾರವಾಡದ ಸರಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗು, ಚಿಗರಿ ಬಸ್ ಹತ್ತಿದರೆ ಆಯಿತು. ಹುಬ್ಬಳ್ಳಿ ಕಿಮ್ಸ್‌ನಲ್ಲೂ ಮನೋವೈದ್ಯ ವಿಭಾಗ ಇದೆ, ಹೆರಿಗೆ ವಿಭಾಗವೂ ಅಲ್ಲೇ ಇದೆ. ರಾತ್ರಿ ಹೊತ್ತು ಮನಸ್ಸು ಕೆಟ್ಟರೆ 14416ಕ್ಕೆ ಫೋನ್ ಮಾಡು. ಅದು ಸರಕಾರದ ಟೆಲಿ ಮಾನಸ್, ದುಡ್ಡು ಬೀಳಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಹಾವೇರಿ_ಏಲಕ್ಕಿ

ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ಖರೆ. ನಾನು ತಗೊಳ್ಳುತ್ತಿದ್ದದ್ದು ವೆನ್ಲಾಫ್ಯಾಕ್ಸಿನ್ ಅನ್ನುವ ಇನ್ನೊಂದು ಖಿನ್ನತೆ ಗುಳಿಗೆ. ಸಂಕ್ರಾಂತಿಗೆ ತವರಿಗೆ ಹೋದಾಗ ಪಟ್ಟಿ ಮುಗಿಯಿತು. ಹಳ್ಳಿಯ ಅಂಗಡಿಯಲ್ಲಿ ಆ ಗುಳಿಗೆ ಇರಲಿಲ್ಲ, ಹಾವೇರಿಗೆ ಹೋಗಿ ತರುವವರೂ ಸಿಗಲಿಲ್ಲ. ಮರುದಿನ ಸಂಜೆಗೇ ಶುರುವಾಯಿತು. ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಜುಮ್ಮೆನ್ನುತ್ತಿತ್ತು. ತಲೆ ತಿರುಗು, ವಾಕರಿಕೆ, ಬೆವರು. ರಾತ್ರಿ ಎಂಥೆಂಥವೋ ಕನಸು. ಕುಸುರೆಳ್ಳು ಹಂಚಲು ಬಂದವರ ಮುಂದೆ ಕಾರಣವೇ ಇಲ್ಲದೆ ಅಳು. ಅವ್ವ ದೃಷ್ಟಿ ತೆಗೆದಳು ಪಾಪ. ಗುಳಿಗೆ ಸಿಕ್ಕ ಮೇಲೆ ಒಂದೇ ದಿನದಲ್ಲಿ ತಹಬಂದಿಗೆ ಬಂತು.

ಇದು ಚಟ ಅಲ್ವಾ ಅಂತ ನಮ್ಮ ಯಜಮಾನರು ಡಾಕ್ಟರನ್ನೇ ಕೇಳಿದರು. ಚಟ ಅಂದರೆ ದಿನದಿಂದ ದಿನಕ್ಕೆ ಜಾಸ್ತಿ ಬೇಕೆನಿಸಬೇಕು, ಅದಕ್ಕಾಗಿ ಹಂಬಲ ಇರಬೇಕು, ಇಲ್ಲಿ ಅದಿಲ್ಲ ಅಂದರು ಅವರು. ಆದರೆ ಮೆದುಳು ಅದಕ್ಕೆ ಒಗ್ಗಿಕೊಂಡಿರುತ್ತದೆ, ಒಮ್ಮೆಲೇ ಕಿತ್ತುಕೊಂಡರೆ ಸುಮ್ಮನಿರಲ್ಲ. ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಬಿಟ್ಟಾಗ ಇದು ಜಾಸ್ತಿಯಂತೆ. ಫ್ಲುಆಕ್ಸೆಟಿನ್ ದೇಹದಿಂದ ನಿಧಾನ ಇಳಿಯುವುದರಿಂದ ಅದರಲ್ಲಿ ಕಡಿಮೆಯಂತೆ.

ಮೆಡಿಕಲ್_ಅಂಗಡಿ_ಹುಬ್ಬಳ್ಳಿ

ಅಂಗಡಿ ಇಟ್ಟವನಾಗಿ ಒಂದು ಮಾತು. ಡಾಕ್ಟರು ಬರೆದಿದ್ದನ್ನು ನಿಲ್ಲಿಸಿ ಅನ್ನುವ ಅಧಿಕಾರ ನಮ್ಮ ಕೌಂಟರ್ ಹುಡುಗರಿಗೆ ಇಲ್ಲ. ಅನುಮಾನ ಬಂದರೆ ಬರೆದವರಿಗೆ ಫೋನ್ ಮಾಡಬೇಕು, ಅಷ್ಟೇ.

ಅಕ್ಕಾರೆ, ನಿಮ್ಮ ಪಟ್ಟಿಯನ್ನು ಹಿಂದುಮುಂದು ಮಾಡಿ ಸಣ್ಣಕ್ಷರ ಓದಿ. ದೊಡ್ಡಕ್ಷರದ ಹೆಸರು ಕಂಪನಿಯದು. ಅದರ ಕೆಳಗಿರುವುದೇ ಔಷಧದ ನಿಜವಾದ ಹೆಸರು. ನಿಮ್ಮದರಲ್ಲಿ ಸರ್ಟ್ರಲೀನ್ ಒಂದೇ ಇದೆಯಾ ನೋಡಿ. ಯಾಕೆ ಕೇಳುತ್ತೇನೆ ಅಂದರೆ, ನಮ್ಮಲ್ಲಿ ಜೋಡಿ ಗುಳಿಗೆಗಳು ಬಹಳ ಓಡುತ್ತವೆ. ಎಸಿಟಲೋಪ್ರಾಮ್ 10, ಜೊತೆಗೆ ಕ್ಲೊನಾಜೆಪಾಮ್ 0.5 ಅಂತ ಒಂದೇ ಗುಳಿಗೆಯಲ್ಲಿ ಇರುತ್ತದೆ. ಹೆಸರಿನ ಬಾಲಕ್ಕೆ 'ಪ್ಲಸ್' ಅಂತಲೋ ಇನ್ನೇನೋ ಇರುತ್ತದೆ. ತಿನ್ನುವವರಿಗೆ ತಾವು ಎರಡು ಔಷಧ ತಿನ್ನುತ್ತಿದ್ದೇವೆ ಅನ್ನುವುದೇ ಗೊತ್ತಿರಲ್ಲ. ಕ್ಲೊನಾಜೆಪಾಮ್ ನಿದ್ದೆ-ಆತಂಕದ ಗುಂಪಿನದು. ಅದು ಮಾತ್ರ ನಿಜವಾಗಿ ಚಟ ಹತ್ತಿಸುತ್ತದೆ. ಬಹಳ ದಿನ ತಿಂದು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು. ಮೂರು ವರ್ಷದ ಹಿಂದಿನ ಚೀಟಿ ಹಿಡಿದು "ಅದನ್ನೇ ಕೊಡ್ರಿ" ಅಂತ ಬರುವವರು ಎಷ್ಟು ಜನ ಅಂತೀರಿ!

ಇನ್ನೊಂದು. ಸರ್ಟ್ರಲೀನ್, ಎಸಿಟಲೋಪ್ರಾಮ್ ಗುಂಪಿನ ಗುಳಿಗೆಗಳು ರಕ್ತ ಹೆಪ್ಪುಗಟ್ಟುವುದನ್ನು ಸ್ವಲ್ಪ ತಗ್ಗಿಸುತ್ತವೆ. ಅದರ ಮೇಲೆ ಡೈಕ್ಲೋಫೆನಾಕ್, ಐಬುಪ್ರೊಫೇನ್ ತರದ ನೋವಿನ ಗುಳಿಗೆ ನುಂಗಿದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗುವ ಸಂಭವ ಜಾಸ್ತಿ. ಹೃದಯಕ್ಕೆ ಅಂತ ಆಸ್ಪಿರಿನ್ ತಿನ್ನುವವರೂ ಡಾಕ್ಟರಿಗೆ ಹೇಳಬೇಕು. ಟ್ರಮಡಾಲ್ ಅನ್ನುವ ಜೋರು ನೋವಿನ ಗುಳಿಗೆ ಜೊತೆ ಸೇರಿದರೆ ಬೇರೆಯದೇ ಅಪಾಯ. ಈ ಗುಳಿಗೆಗಳು ಹೆಚ್ಚಿಸುವ ಸೆರೊಟೋನಿನ್ ಅನ್ನುವ ರಾಸಾಯನಿಕ ದೇಹದಲ್ಲಿ ಅತಿಯಾಗಿ ನಡುಕ, ಜ್ವರ, ಗಾಬರಿ ಬರಬಹುದು. ಕೆಮ್ಮಿನ ಸಿರಪ್‌ನ ಡೆಕ್ಸ್‌ಟ್ರೊಮೆಥಾರ್ಫಾನ್‌ನಿಂದಲೂ ಅಪರೂಪಕ್ಕೆ ಹೀಗಾಗುತ್ತದೆ. ಮಂಡಿನೋವಿಗೆ ಅಂತ ಅಂಗಡಿಗೆ ಬಂದಾಗ ಮನಸ್ಸಿನ ಗುಳಿಗೆ ತಗೊಳ್ಳುತ್ತಿದ್ದೇನೆ ಅಂತ ಬಾಯಿ ಬಿಟ್ಟು ಹೇಳಿ. ಜನ ಇದನ್ನೇ ಮುಚ್ಚಿಡುತ್ತಾರೆ.

ರೋಣದ_ಮಗಳು

ನೋಡಿದೆ ಅಣ್ಣಾರೆ. ಸರ್ಟ್ರಲೀನ್ ಹೈಡ್ರೋಕ್ಲೋರೈಡ್ ಒಂದೇ ಇದೆ. ಇವತ್ತಿನದು ತಗೊಂಡೆ. ಆದರೆ ಹೃದಯದ ಮಾತು ತಲೆಯಿಂದ ಹೋಗುತ್ತಿಲ್ಲ.

ಮನೋವೈದ್ಯ_ಧಾರವಾಡ

ನಾನು ಮನೋವೈದ್ಯ. ಇಲ್ಲಿ ಬರೆದು ಯಾರಿಗೂ ಔಷಧ ಹೇಳಲಾಗದು. ಲೆಕ್ಕ ಮಾತ್ರ ಹೇಳಬಲ್ಲೆ, ಅದನ್ನು ನಿಮ್ಮ ಡಾಕ್ಟರ ಮುಂದೆ ಇಟ್ಟು ಮಾತಾಡಿ.

ಯಾವ ಗುಳಿಗೆಯನ್ನೂ ತಿನ್ನದ ನೂರು ತಾಯಂದಿರಲ್ಲೂ ಸುಮಾರು ಮೂವರ ಮಕ್ಕಳಿಗೆ ಹುಟ್ಟುವಾಗಲೇ ಏನಾದರೂ ದೊಡ್ಡ ದೋಷ ಇರುತ್ತದೆ. ಹೃದಯದ ದೋಷವೇ ನೂರಕ್ಕೆ ಸುಮಾರು ಒಂದು. ಯಾವ ಗುಳಿಗೆಯ ಲೆಕ್ಕವನ್ನಾದರೂ ಇಲ್ಲಿಂದ ಶುರು ಮಾಡಬೇಕು, ಸೊನ್ನೆಯಿಂದ ಅಲ್ಲ.

ಹೃದಯದ ಭಯ ಹುಟ್ಟಿದ್ದು ಮುಖ್ಯವಾಗಿ ಪ್ಯಾರಾಕ್ಸೆಟಿನ್‌ನಿಂದ. ಮೊದಲ ಮೂರು ತಿಂಗಳಲ್ಲಿ ಅದನ್ನು ತಗೊಂಡವರ ಮಕ್ಕಳಲ್ಲಿ ಹೃದಯದ ದೋಷ ನೂರಕ್ಕೆ ಎರಡರ ಹತ್ತಿರ ಹೋಗುತ್ತದೆ ಅಂತ ಕಂಡು, 2005ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ಇಲಾಖೆ ಎಚ್ಚರಿಕೆ ಕೊಟ್ಟಿತು. ಬಸುರಿಯಾಗುವ ಯೋಚನೆ ಇದ್ದವರಿಗೆ ನಾವು ಅದನ್ನು ಹೊಸದಾಗಿ ಶುರು ಮಾಡುವುದಿಲ್ಲ. ಸರ್ಟ್ರಲೀನ್ ಮಾತು ಬೇರೆ. 2014ರಲ್ಲಿ ಅಮೆರಿಕದಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಬಸುರಿಯರ ದಾಖಲೆ ನೋಡಿದರು. ಖಿನ್ನತೆ ಇದ್ದವರನ್ನು ಖಿನ್ನತೆ ಇದ್ದವರ ಜೊತೆಗೇ ಹೋಲಿಸಿದಾಗ, ಗುಳಿಗೆಯಿಂದ ಹೃದಯದ ದೋಷ ಹೇಳಿಕೊಳ್ಳುವಷ್ಟು ಹೆಚ್ಚಿದ್ದು ಕಾಣಲಿಲ್ಲ. ಇದು ಮುಖ್ಯ. ಖಿನ್ನತೆ ಇದ್ದವರಲ್ಲಿ ಊಟ ಸರಿ ಇರಲ್ಲ, ಬೇರೆ ಕಾಯಿಲೆಗಳೂ ಇರುತ್ತವೆ. ಅವರನ್ನು ಪೂರ್ತಿ ಆರೋಗ್ಯವಂತರ ಪಕ್ಕ ನಿಲ್ಲಿಸಿದರೆ ಎಲ್ಲ ತಪ್ಪೂ ಗುಳಿಗೆಯ ತಲೆಗೇ ಬರುತ್ತದೆ.

ಎರಡನೆಯದು, ಹುಟ್ಟಿದ ಕೂಸಿನ ಶ್ವಾಸಕೋಶದ ರಕ್ತನಾಳಗಳು ಸರಿಯಾಗಿ ತೆರೆದುಕೊಳ್ಳದೆ ಉಸಿರಿಗೆ ತೊಂದರೆ ಆಗುವುದು. ಇದು ಗಂಭೀರ, ಆದರೆ ಅಪರೂಪ. 2015ರ ಒಂದು ದೊಡ್ಡ ಅಧ್ಯಯನದಲ್ಲಿ ಗುಳಿಗೆ ತಗೊಳ್ಳದವರಲ್ಲಿ ಹತ್ತು ಸಾವಿರಕ್ಕೆ ಸುಮಾರು 21, ಈ ಗುಂಪಿನ ಗುಳಿಗೆ ತಗೊಂಡವರಲ್ಲಿ ಸುಮಾರು 31 ಕೂಸುಗಳಿಗೆ ಇದು ಬಂದಿತ್ತು. ಬೇರೆ ಕಾರಣಗಳನ್ನು ಕಳೆದು ನೋಡಿದರೆ ಅಂತರ ಇನ್ನೂ ಕಿರಿದಾಯಿತು.

ಮೂರನೆಯದು ಅಪರೂಪವಲ್ಲ. ಕೊನೆಯ ತಿಂಗಳವರೆಗೆ ಗುಳಿಗೆ ತಗೊಂಡವರ ನೂರು ಕೂಸುಗಳಲ್ಲಿ ಸುಮಾರು ಮೂವತ್ತಕ್ಕೆ ಹುಟ್ಟಿದ ಮೇಲೆ ಕೆಲವು ದಿನ ಕಿರಿಕಿರಿ ಇರುತ್ತದೆ. ಕೈಕಾಲು ನಡುಗುವುದು, ಜಾಸ್ತಿ ಅಳುವುದು, ಸರಿಯಾಗಿ ಹಾಲು ಕುಡಿಯದಿರುವುದು, ಕೆಲವು ಸಲ ಉಸಿರು ಜೋರಾಗುವುದು. ಬಹುತೇಕ ಅದಾಗಿಯೇ ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಎರಡು ವಾರದಲ್ಲಿ ಇಳಿಯುತ್ತದೆ. ದವಾಖಾನೆಯಲ್ಲೇ ಹೆರಿಗೆ ಆಗಬೇಕು, ಮಕ್ಕಳ ಡಾಕ್ಟರಿಗೆ ಮೊದಲೇ ಗೊತ್ತಿರಬೇಕು ಅನ್ನುವುದು ಇದಕ್ಕೇ. ತಾಯಿಗೆ ಹೆರಿಗೆ ಹೊತ್ತಿನ ರಕ್ತಸ್ರಾವ ಸ್ವಲ್ಪ ಹೆಚ್ಚಾಗಬಹುದು, ತಿಂಗಳು ತುಂಬುವ ಮುಂಚೆ ಹೆರಿಗೆ ಆಗುವ ಸಂಭವವೂ ತುಸು ಜಾಸ್ತಿ. ಆಟಿಸಂ ಬರುತ್ತದೆ ಅಂತ ಸುದ್ದಿ ಹರಡಿತ್ತಲ್ಲ, ಒಂದೇ ತಾಯಿಯ ಮಕ್ಕಳನ್ನು ಪರಸ್ಪರ ಹೋಲಿಸಿದ 2017ರ ಅಧ್ಯಯನಗಳಲ್ಲಿ ಆ ಸಂಬಂಧ ನಿಲ್ಲಲಿಲ್ಲ.

ಇನ್ನು ಬಿಟ್ಟರೆ ಏನು? 2006ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಬಸಿರಿನಲ್ಲಿ ಗುಳಿಗೆ ನಿಲ್ಲಿಸಿದ ನೂರರಲ್ಲಿ 68 ಜನರಿಗೆ ಖಿನ್ನತೆ ಮರಳಿತು. ಮುಂದುವರಿಸಿದವರಲ್ಲಿ 26. ಅವರೆಲ್ಲ ಪದೇ ಪದೇ ಖಿನ್ನತೆ ಬಂದವರು, ದೊಡ್ಡ ಆಸ್ಪತ್ರೆಗಳ ರೋಗಿಗಳು. ಒಂದೇ ಸಲ, ಅದೂ ಹಗುರವಾಗಿ ಬಂದವರಿಗೆ ಈ ಅಂಕಿ ಹೊಂದುವುದಿಲ್ಲ. ಅಂಥವರಲ್ಲಿ ಎಷ್ಟೋ ಜನರಿಗೆ ಬಸುರಿಯಾಗುವ ಮುಂಚೆಯೇ ನಿಧಾನ ಇಳಿಸಿ, ಮಾತಿನ ಚಿಕಿತ್ಸೆಯ ಮೇಲೆ ನಡೆಸುತ್ತೇವೆ. ನಿಮಗೆ ಎರಡು ಸಲ ಬಂದಿದೆ, ಎರಡನೇ ಸಲ ಸಾವಿನ ಯೋಚನೆ ಇತ್ತು ಅಂತ ಬರೆದಿದ್ದೀರಿ. ನಿಮ್ಮ ಡಾಕ್ಟರು ಎಲ್ಲಕ್ಕಿಂತ ಮೊದಲು ತೂಗುವುದು ಅದನ್ನೇ.

ಬ್ಯಾಡಗಿ_ಖಾರ

ಡಾಕ್ಟರ್ ಸಾಹೇಬರೆ, ಅಂಕಿ ಚೆನ್ನಾಗಿ ಹೇಳಿದಿರಿ. ಆದರೆ ಆ ಪ್ಯಾರಾಕ್ಸೆಟಿನ್ ಮಾರಿದ ಕಂಪನಿ ಏನು ಮಾಡಿತು ಅದನ್ನೂ ಹೇಳಿ. ಹದಿನೆಂಟು ತುಂಬದ ಹುಡುಗರಿಗೆ ಅನುಮತಿ ಇಲ್ಲದೆ ಮಾರಿಸಿದ್ದಕ್ಕೆ ಮತ್ತು ಇನ್ನೂ ಕೆಲವು ಔಷಧಗಳ ಕೇಸಿಗೆ ಸೇರಿ 2012ರಲ್ಲಿ ಅಮೆರಿಕದಲ್ಲಿ ಗ್ಲ್ಯಾಕ್ಸೋಸ್ಮಿತ್‌ಕ್ಲೈನ್ 300 ಕೋಟಿ ಡಾಲರ್ ಕಟ್ಟಿತು. ಅಂಥವರನ್ನು ನಂಬಿ ಗುಳಿಗೆ ನುಂಗಬೇಕಾ?

ಮನೋವೈದ್ಯ_ಧಾರವಾಡ

ನೀವು ಹೇಳಿದ್ದು ನಿಜ. ಕಂಪನಿಯನ್ನು ನಂಬಿ ಅಂತ ನಾನು ಹೇಳುವುದಿಲ್ಲ. ನಾನು ಮೇಲೆ ಕೊಟ್ಟ 2014, 2015ರ ಅಂಕಿಗಳು ಸರಕಾರಿ ವಿಮೆಯ ದಾಖಲೆಗಳಿಂದ ವಿಶ್ವವಿದ್ಯಾಲಯದವರು ತೆಗೆದದ್ದು. ನಿಮ್ಮ ಸಂಶಯದಿಂದ ಒಳ್ಳೆಯದೂ ಆಗಿದೆ. ಹುಡುಗರ ವಿಷಯದಲ್ಲಿ 2004ರಲ್ಲಿ ಅಮೆರಿಕದಲ್ಲಿ ಎಲ್ಲ ಖಿನ್ನತೆ ಗುಳಿಗೆಗಳ ಮೇಲೂ ಕಪ್ಪು ಚೌಕದ ಎಚ್ಚರಿಕೆ, ಅಂದರೆ ಅತಿ ಗಂಭೀರ ಎಚ್ಚರಿಕೆ, ಬಂತು. ಪ್ರಯೋಗಗಳಲ್ಲಿ ಸುಮ್ಮನೆ ಹುಸಿ ಗುಳಿಗೆ ಪಡೆದ ಮಕ್ಕಳಲ್ಲಿ ನೂರಕ್ಕೆ ಎರಡು ಮಂದಿಗೆ ಸಾಯುವ ಯೋಚನೆ ಅಥವಾ ಯತ್ನ ಕಂಡರೆ, ನಿಜವಾದ ಗುಳಿಗೆ ಪಡೆದವರಲ್ಲಿ ನಾಲ್ಕು. ಆ ಪ್ರಯೋಗಗಳಲ್ಲಿ ಯಾರೂ ಸತ್ತಿರಲಿಲ್ಲ, ಆದರೂ ಎಚ್ಚರಿಕೆ ಬೇಕಾಗಿತ್ತು. 2007ರಲ್ಲಿ ಅದನ್ನು 24 ವರ್ಷದವರೆಗೆ ವಿಸ್ತರಿಸಿದರು.

ಸಪ್ತಾಪುರ_ರೂಮ್

ಇದನ್ನು ನಾನು ಕಣ್ಣಾರೆ ನೋಡಿದ್ದೇನೆ ಸರ್. ಧಾರವಾಡಕ್ಕೆ ಕೋಚಿಂಗಿಗೆ ಬಂದ ನಮ್ಮ ರೂಮಿನ ಹುಡುಗ, ಇಪ್ಪತ್ತೆರಡರವನು. ಪಿಎಸ್‌ಐ ಪರೀಕ್ಷೆ ಮುಂದಕ್ಕೆ ಹೋಗಿ ಹೋಗಿ ಕುಸಿದುಬಿಟ್ಟಿದ್ದ. ಗುಳಿಗೆ ಶುರುವಾದ ಮೊದಲ ವಾರ ಖಿನ್ನತೆ ಇಳಿಯಲಿಲ್ಲ, ಬದಲಿಗೆ ಒಂದು ತರದ ಚಡಪಡಿಕೆ ಶುರುವಾಯಿತು. ರಾತ್ರಿ ಎರಡಕ್ಕೆ ಎದ್ದು ಮಹಡಿ ಮೇಲೆ ತಿರುಗಾಡುತ್ತಿದ್ದ. ಕೂತಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಡಾಕ್ಟರಿಗೆ ಫೋನ್ ಹಚ್ಚಿದ್ದು ನಾವೇ. ಅವತ್ತೇ ಕರೆಸಿ ಪ್ರಮಾಣ ಅರ್ಧ ಮಾಡಿದರು, ಒಬ್ಬನೇ ಇರಲು ಬಿಡಬೇಡಿ ಅಂದರು. ಗುಳಿಗೆ ಪಟ್ಟಿ ನಮ್ಮ ಹತ್ತಿರವೇ ಇಟ್ಟುಕೊಂಡು ದಿನಕ್ಕೊಂದು ಕೊಟ್ಟೆವು. ತಿಂಗಳ ಹೊತ್ತಿಗೆ ಮಿರ್ಚಿ ತಿನ್ನಲು ಕೆಳಗೆ ಬರತೊಡಗಿದ.

ಆದರೆ ಈ ಮಾತು ಗುಳಿಗೆ ಚೀಟಿ ಬರೆಯುವಾಗ ಯಾರೂ ಬಿಡಿಸಿ ಹೇಳಿರಲಿಲ್ಲ. ಮೊದಲು ಹೇಳಬೇಕಾದ್ದೇ ಇದು, ಅಲ್ವಾ?

ಮನೋವೈದ್ಯ_ಧಾರವಾಡ

ಹೇಳಲೇಬೇಕು. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಅಡ್ಡ ಪರಿಣಾಮ ಮೊದಲ ದಿನದಿಂದಲೇ ಬರಬಹುದು. ಆ ನಡುವಿನ ಅವಧಿಯಲ್ಲೇ ರೋಗಿ ನಮ್ಮ ಕೈ ತಪ್ಪಿ ಹೋಗುವುದು. ಇನ್ನೊಂದು: ಮನೆಯಲ್ಲಿ ಯಾರಿಗಾದರೂ ಅತಿ ಉತ್ಸಾಹ, ನಿದ್ದೆಯೇ ಬೇಡ ಅನ್ನುವ ಉನ್ಮಾದದ ಕಾಯಿಲೆ ಇದ್ದರೆ ಮೊದಲೇ ಹೇಳಿ. ಬೈಪೋಲಾರ್ ಇದ್ದವರಿಗೆ ಖಿನ್ನತೆಯ ಗುಳಿಗೆ ಒಂದನ್ನೇ ಕೊಟ್ಟರೆ ಉನ್ಮಾದ ಎದ್ದುಬಿಡಬಹುದು.

ಲಕ್ಷ್ಮೇಶ್ವರ_ಮಾಸ್ತರ

ಬಸುರಿಯರ ಮಾತಿನ ನಡುವೆ ಮುದುಕರ ಮಾತು ತರುತ್ತೇನೆ, ಕ್ಷಮಿಸಿ. ನಮ್ಮ ಅಪ್ಪನಿಗೆ 74. ಅವ್ವ ತೀರಿಕೊಂಡ ಮೇಲೆ ಮಂಕಾಗಿದ್ದರು. ಒಂದು ದವಾಖಾನೆಯಲ್ಲಿ ಎಸಿಟಲೋಪ್ರಾಮ್ ಕೊಟ್ಟರು. ಬಿಪಿಗೆ ಮೊದಲಿನಿಂದಲೂ ಟೆಲ್ಮಿಸಾರ್ಟನ್ ಮತ್ತು ಹೈಡ್ರೋಕ್ಲೋರೋಥಯಾಜೈಡ್ ಸೇರಿದ ಗುಳಿಗೆ ನಡೆದಿತ್ತು, ಅದನ್ನು ಯಾರೂ ಕೇಳಲಿಲ್ಲ. ಮೂರನೇ ವಾರ ಅಪ್ಪ ನನ್ನನ್ನೇ "ಯಾರಪಾ ನೀನು" ಅಂದರು. ಬಚ್ಚಲಿಗೆ ಹೋಗುವಾಗ ಬಿದ್ದರು. ಲಕ್ವಾ ಹೊಡೆದಿದೆ ಅಂತ ಗದಗಿಗೆ ಓಡಿಸಿದೆವು. ಸ್ಕ್ಯಾನಿನಲ್ಲಿ ಏನೂ ಇಲ್ಲ. ರಕ್ತ ಪರೀಕ್ಷೆ ಮಾಡಿದರೆ ಸೋಡಿಯಂ 118. ಅದು 135ರಿಂದ 145ರ ನಡುವೆ ಇರಬೇಕಂತೆ.

ಈ ಗುಳಿಗೆಗಳು ವಯಸ್ಸಾದವರಲ್ಲಿ ಸೋಡಿಯಂ ಇಳಿಸುತ್ತವೆ, ಮೂತ್ರ ಹೆಚ್ಚಿಸುವ ಬಿಪಿ ಗುಳಿಗೆ ಜೊತೆ ಸೇರಿದರೆ ಇನ್ನೂ ಇಳಿಸುತ್ತವೆ ಅಂತ ಆಮೇಲೆ ತಿಳಿಯಿತು. ಶುರು ಮಾಡಿದ ಎರಡು-ನಾಲ್ಕು ವಾರದೊಳಗೆ ಒಮ್ಮೆ ಸೋಡಿಯಂ ನೋಡಿದ್ದರೆ ಇಷ್ಟು ಆಗುತ್ತಿರಲಿಲ್ಲ. ಇನ್ನೂರು-ಮುನ್ನೂರು ರೂಪಾಯಿ ಪರೀಕ್ಷೆಗೆ ಹಿಂದೆ ಮುಂದೆ ನೋಡಬೇಡಿ. ಈಗ ಎರಡೂ ಗುಳಿಗೆ ಬದಲಿಸಿದ್ದಾರೆ. ಅಪ್ಪ ಪೇಪರ್ ಓದಿ ನನಗೇ ಪಾಠ ಹೇಳುತ್ತಾರೆ.

ಹೆಸರು_ಬೇಡ_ಗದಗ

ಯಾರೂ ಎತ್ತದ ವಿಷಯ ಎತ್ತುತ್ತೇನೆ. ಗುಳಿಗೆ ಶುರುವಾದ ಮೇಲೆ ಗಂಡ-ಹೆಂಡಿರ ನಡುವಿನ ಆಸೆಯೇ ಹೋಗಿಬಿಟ್ಟಿದೆ. ನಾನು ಗಂಡಸು. ಡಾಕ್ಟರ ಮುಂದೆ ಬಾಯಿ ಬರುತ್ತಿಲ್ಲ, ಸುಮ್ನೆ ಗುಳಿಗೆ ಬಿಟ್ಟುಬಿಡೋಣ ಅನ್ನಿಸುತ್ತಿದೆ.

ಮನೋವೈದ್ಯ_ಧಾರವಾಡ

ಇದು ಬಹಳ ಜನರಿಗೆ ಆಗುತ್ತದೆ, ಗಂಡಸರಿಗೂ ಹೆಂಗಸರಿಗೂ. ಗುಳಿಗೆ ಬಿಡುವವರಲ್ಲಿ ಎಷ್ಟೋ ಜನ ಇದಕ್ಕೇ ಬಿಡುವುದು. ಕೆಲವರಿಗೆ ನಿಲ್ಲಿಸಿದ ಮೇಲೂ ಬಹಳ ಕಾಲ ಉಳಿದದ್ದು ವರದಿಯಾಗಿದೆ. ಪ್ರಮಾಣ ಇಳಿಸಬಹುದು, ಬೇರೆ ಗುಂಪಿನ ಗುಳಿಗೆಗೆ ಹೋಗಬಹುದು. ಮಿರ್ಟಾಜಪಿನ್, ಬುಪ್ರೊಪಿಯಾನ್‌ನಲ್ಲಿ ಈ ತೊಂದರೆ ಕಡಿಮೆ, ಆದರೆ ಮಿರ್ಟಾಜಪಿನ್ ತೂಕ ಏರಿಸುತ್ತದೆ, ಬುಪ್ರೊಪಿಯಾನ್ ಫಿಟ್ಸ್ ಇದ್ದವರಿಗೆ ಆಗದು. ಬಾಯಲ್ಲಿ ಹೇಳಲು ಸಂಕೋಚವಾದರೆ ಒಂದು ಚೀಟಿಯಲ್ಲಿ ಬರೆದು ಕೈಗೆ ಕೊಡಿ. ನಮಗೆ ಇದೇನೂ ಹೊಸದಲ್ಲ.

ರೋಣದ_ಮಗಳು

ಎಲ್ಲರಿಗೂ ಸುದ್ದಿ ಹೇಳುತ್ತೇನೆ. ಧಾರವಾಡಕ್ಕೆ ಹೋಗಿ ತೋರಿಸಿಕೊಂಡು ಬಂದೆವು. ಅತ್ತೆಯವರನ್ನೂ ಕರೆದುಕೊಂಡು ಹೋಗಿದ್ದೆ. ಒಳಗೆ ಕೂತವರೇ ಅವರು "ಕೂಸಿಗೆ ಹತ್ತತೈತೋ ಇಲ್ಲೋ ಒಂದ ಮಾತಿನಾಗ ಹೇಳ್ರಿ" ಅಂತ ಕೇಳಿಬಿಟ್ಟರು. ಡಾಕ್ಟರು ನಕ್ಕು, ಒಂದೇ ಮಾತಿನಲ್ಲಿ ಹೇಳಲು ಬರಲ್ಲ ಅಂತ ಹಾಳೆ ಮೇಲೆ ಎರಡು ಸಾಲು ಹಾಕಿದರು. ಒಂದು ಕಡೆ ಗುಳಿಗೆ ತಗೊಂಡರೆ ಏನೇನು, ಇನ್ನೊಂದು ಕಡೆ ಬಿಟ್ಟರೆ ಏನೇನು. ಹೋದ ಸಲ ನಾನು ಹೇಗಿದ್ದೆ ಅಂತ ಅತ್ತೆಯನ್ನೇ ಕೇಳಿ ಅವರ ಬಾಯಿಂದಲೇ ಬರೆಸಿಕೊಂಡರು. ಊಟ ಬಿಟ್ಟಿದ್ದು, ತೂಕ ಇಳಿದಿದ್ದು, ಬಾಗಿಲು ಹಾಕಿಕೊಂಡಿದ್ದು, ಎಲ್ಲ. ಹಾಂಗಾದರ ಬಸುರಾಗಿ ಊಟ ಬಿಟ್ಟರ ಕೂಸಿಗೆ ಏನು ಸಿಗತೈತಿ ಅಂತ ಅತ್ತೆ ತಾವೇ ಅಂದರು.

ಸರ್ಟ್ರಲೀನ್ 50 ಹಾಗೇ ಮುಂದುವರಿಸಲು ಹೇಳಿದ್ದಾರೆ. ಬೇರೆ ಗುಳಿಗೆಗೆ ಬದಲಿಸಿದರೆ ಕೂಸಿಗೆ ಒಂದರ ಬದಲು ಎರಡು ಔಷಧ ತಾಗಿಸಿದ ಹಾಗಾಗುತ್ತದೆ, ಹೊಸದು ಹಿಡಿಯುತ್ತದೋ ಇಲ್ಲವೋ ಅನ್ನುವ ಚಿಂತೆ ಬೇರೆ. ಥೈರಾಯ್ಡ್ ಮತ್ತು ರಕ್ತ ಕಡಿಮೆ ಇದೆಯಾ ಅಂತ ಪರೀಕ್ಷೆ ಬರೆದರು, ಅವೆರಡರಿಂದಲೂ ಮಂಕು ಬರುತ್ತದಂತೆ. 18ರಿಂದ 20 ವಾರದ ಹೊತ್ತಿಗೆ ಅಂಗಾಂಗ ನೋಡುವ ಸ್ಕ್ಯಾನ್ ತಪ್ಪಿಸಬೇಡಿ ಅಂದರು. ಫೋಲಿಕ್ ಆಸಿಡ್ ನಡೆದೇ ಇದೆ. ಕೊನೆಯ ಮೂರು ತಿಂಗಳಲ್ಲಿ ಮೈಯಲ್ಲಿ ರಕ್ತ, ನೀರು ಹೆಚ್ಚಾಗಿ ಗುಳಿಗೆ ಸಾಲದೆ ಹೋಗಬಹುದು, ಮಂಕು ಬಂದರೆ ಕೂಡಲೇ ಬನ್ನಿ ಅಂದರು. ತಿಂಗಳು ತುಂಬಿದ ಮೇಲೆ ಕೂಸಿನ ಕಿರಿಕಿರಿಗೆ ಹೆದರಿ ನಾವೇ ನಿಲ್ಲಿಸಬಾರದಂತೆ. ಹೆರಿಗೆ ಆದ ಮೇಲಿನ ದಿನಗಳೇ ಹೆಚ್ಚು ಅಪಾಯದವು ಅಂತ.

ಹಾವೇರಿ_ಏಲಕ್ಕಿ

ನಿಮ್ಮತ್ತೆಯವರಿಗೆ ನನ್ನ ಕಡೆಯಿಂದ ಒಂದು ಏಲಕ್ಕಿ ಮಾಲೆ. ಡಾಕ್ಟರ್ ಸರ್, ನಂದೊಂದು ಪ್ರಶ್ನೆ. ಮೊಲೆಹಾಲಿನಲ್ಲಿ ಗುಳಿಗೆ ಇಳಿಯುವುದಿಲ್ವಾ? ನಮ್ಮ ಓಣಿಯಲ್ಲಿ ಒಬ್ಬಾಕೆಗೆ ಹಾಲು ಬಿಡಿಸಿ ಡಬ್ಬಿ ಹಾಲು ಹಾಕಿದ್ದಾರೆ.

ಮನೋವೈದ್ಯ_ಧಾರವಾಡ

ಇಳಿಯುತ್ತದೆ, ಆದರೆ ಸರ್ಟ್ರಲೀನ್ ಬಹಳ ಕಡಿಮೆ. ಹಾಲುಣಿಸುವವರಿಗೆ ನಾವು ಮೊದಲು ಯೋಚಿಸುವ ಗುಳಿಗೆಗಳಲ್ಲಿ ಅದೂ ಒಂದು. ಫ್ಲುಆಕ್ಸೆಟಿನ್ ನಿಧಾನ ಇಳಿಯುವುದರಿಂದ ಎಳೆ ಕೂಸಿನ ಮೈಯಲ್ಲಿ ಸೇರಿಕೊಳ್ಳುವ ಸಂಭವ ಜಾಸ್ತಿ. ಹಳೆಯ ಗುಂಪಿನ ಖಿನ್ನತೆ ಗುಳಿಗೆ ಡಾಕ್ಸೆಪಿನ್ ಬೇಡ. ಕೂಸು ತೂಕ ಏರುತ್ತಿದೆಯಾ, ಅತಿಯಾಗಿ ನಿದ್ದೆ ಮಾಡುತ್ತಿದೆಯಾ ನೋಡುತ್ತಿರಬೇಕು. ಒಂದು ಗುಳಿಗೆಯನ್ನು ಮಾತ್ರ ಇವುಗಳ ಹಾಗೇ ಅಂತ ಲೆಕ್ಕ ಹಾಕಬೇಡಿ: ವಾಲ್ಪ್ರೊಯೇಟ್. ಅದು ಖಿನ್ನತೆಯದಲ್ಲ, ಫಿಟ್ಸ್ ಮತ್ತು ಬೈಪೋಲಾರ್‌ಗೆ ಕೊಡುವುದು. ಬಸುರಿಯರು ತಗೊಂಡರೆ ನೂರಕ್ಕೆ ಹತ್ತರಷ್ಟು ಕೂಸುಗಳಿಗೆ ಹುಟ್ಟು ದೋಷ, ಮೂವತ್ತು-ನಲವತ್ತಕ್ಕೆ ಕಲಿಕೆ-ಬೆಳವಣಿಗೆಯ ತೊಂದರೆ. ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳು ಯಾರಾದರೂ ಅದನ್ನು ತಗೊಳ್ಳುತ್ತಿದ್ದರೆ ಬಸುರಿಯಾಗುವ ಮುಂಚೆಯೇ ಡಾಕ್ಟರನ್ನು ನೋಡಬೇಕು. ಅದನ್ನೂ ತಾವೇ ಒಮ್ಮೆಲೇ ಬಿಡಬಾರದು.

ರಾಣೆಬೆನ್ನೂರು_ಸಿಸ್ಟರ್

ಬಾಣಂತನದ ಬಗ್ಗೆ ಅನುಭವದ ಮಾತು ಹೇಳುತ್ತೇನೆ. ಹೆತ್ತ ಮೂರ್ನಾಲ್ಕನೇ ದಿನ ಅಳು ಬರುವುದು ಬಹಳ ಬಾಣಂತಿಯರಿಗೆ ಸಹಜ, ಎರಡು ವಾರದೊಳಗೆ ತಾನೇ ಹೋಗುತ್ತದೆ. ಹೋಗದಿದ್ದರೆ ತೋರಿಸಬೇಕು. ಬಾಣಂತಿ ಸನ್ನಿ ಅದಲ್ಲ. ಹಗಲು ರಾತ್ರಿ ನಿದ್ದೆ ಇಲ್ಲ, ಸಂಬಂಧವಿಲ್ಲದ ಮಾತು, ಕೂಸು ನನ್ನದಲ್ಲ ಅನ್ನುವುದು, ಯಾರೋ ಕರೆಯುತ್ತಾರೆ ಅನ್ನುವುದು. ಸಾವಿರ ಹೆರಿಗೆಗೆ ಒಂದೋ ಎರಡೋ. ಅದು ಕಂಡರೆ ಗಾಳಿ, ದೆವ್ವ ಅಂತ ಕೂರದೆ ಅದೇ ದಿನ ದವಾಖಾನೆಗೆ ಕರೆತರಬೇಕು. ತಾಯಿ-ಕೂಸು ಇಬ್ಬರನ್ನೂ ಒಂಟಿ ಬಿಡಬಾರದು.

ನಮ್ಮ ಕಡೆ ಬಾಣಂತಿಗೆ ನೀರು ಕಡಿಮೆ ಕೊಡುತ್ತಾರೆ, ಹೊಟ್ಟೆ ಬರುತ್ತದೆ ಅಂತ. ಅದು ಬೇಡ. ಹಾಲುಣಿಸುವವಳಿಗೆ ನೀರು ಬೇಕು. ಹಳೆಯ ಗುಂಪಿನ ಖಿನ್ನತೆ ಗುಳಿಗೆ ಅಮಿಟ್ರಿಪ್ಟಿಲಿನ್ ತಗೊಳ್ಳುವವರಿಗಂತೂ ಬಾಯಿ ಒಣಗಿ ಮಲಬದ್ಧತೆ ಮೊದಲೇ ಇರುತ್ತದೆ. ಬೈಪೋಲಾರ್‌ಗೆ ಕೊಡುವ ಲಿಥಿಯಂ ತಗೊಳ್ಳುವವರಿಗೆ ನೀರು ಕಡಿಮೆಯಾದರೆ ಔಷಧವೇ ವಿಷ ಆದೀತು.

ತಂಗೆವ್ವ, ನಿನ್ನ ತಾಯಿ ಕಾರ್ಡಿನಲ್ಲಿ ಗುಳಿಗೆ ಹೆಸರು, ಪ್ರಮಾಣ ಬರೆಸಿದ್ದೀಯಾ? ಆಶಾ ಕಾರ್ಯಕರ್ತೆಗೂ ಹೇಳು. ಹೆರಿಗೆ ಆದ ಮೇಲೆ 48 ಗಂಟೆ ದವಾಖಾನೆಯಲ್ಲಿ ಇರಲೇಬೇಕು. ಮನೆಗೆ ಹೋಗೋಣ ಅಂತ ಅವಸರ ಮಾಡಿಸಬೇಡ, ಕೂಸಿನ ನಡುಕ ಗಿಡುಕ ಕಾಣುವುದು ಆ ಹೊತ್ತಿನಲ್ಲೇ.

ಬ್ಯಾಡಗಿ_ಖಾರ

ಅಕ್ಕಾರೆ, ಸುಖವಾಗಿ ಹೆರಿಗೆ ಆಗಲಿ. ಕಂಪನಿಗಳ ಮೇಲಿನ ನನ್ನ ಸಿಟ್ಟು ಹಾಗೇ ಇದೆ, ಅದು ಇಳಿಯಲ್ಲ. ನಮ್ಮ ಅಜ್ಜಿಯ ವಿಷಯ ಮನೆಯಲ್ಲಿ ಕೇಳಿದೆ ಸಿಸ್ಟರ್. ಆರು ಉಳಿದವು.

ರೋಣದ_ಮಗಳು

ತಾಯಿ ಕಾರ್ಡಿನಲ್ಲಿ ಬರೆಸುತ್ತೇನೆ ಸಿಸ್ಟರ್. ಒಂದು ಉಳಿದಿದೆ. ಕುಬಸ ಆದ ಮೇಲೆ ತವರಿಗೆ ಹೋಗುತ್ತೇನೆ, ಹೆರಿಗೆಯೂ ಆ ಕಡೆಯೇ. ರೋಣದಲ್ಲಿ ಗುಳಿಗೆ ಸಿಗದಿದ್ದರೆ? ಅಲ್ಲಿ ಮನೋವೈದ್ಯರು ಯಾರು ಸಿಗುತ್ತಾರೆ?

ಮೆಡಿಕಲ್_ಅಂಗಡಿ_ಹುಬ್ಬಳ್ಳಿ

ಹೊರಡುವ ಮುಂಚೆ ಡಾಕ್ಟರಿಂದ ಹೊಸ ತಾರೀಖಿನ ಚೀಟಿ ಬರೆಸಿಕೊಳ್ಳಿ, ಕಂಪನಿ ಹೆಸರಿನ ಜೊತೆ ಔಷಧದ ಹೆಸರನ್ನೂ ದೊಡ್ಡದಾಗಿ ಬರೆಯಲು ಹೇಳಿ. ರೋಣದ ಅಂಗಡಿಯಲ್ಲಿ ಒಂದು ಕಂಪನಿಯದು ಇಲ್ಲದಿದ್ದರೆ ಇನ್ನೊಂದರದು ಸಿಗುತ್ತದೆ. ಸರ್ಟ್ರಲೀನ್ 50 ಅಂತ ಇರಬೇಕು ಅಷ್ಟೇ, 25 ಅಥವಾ 100 ಕೊಟ್ಟಿಲ್ಲ ತಾನೇ ನೋಡಿಕೊಳ್ಳಿ. ಎರಡು ವಾರದ್ದು ಯಾವಾಗಲೂ ಕೈಯಲ್ಲಿ ಹೆಚ್ಚಿಗೆ ಇರಲಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಮೇಲಿಡಿ.

ರಾಣೆಬೆನ್ನೂರು_ಸಿಸ್ಟರ್

ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ನಡೆಸುತ್ತಾರೆ, ಮನೋವೈದ್ಯರು ಅಲ್ಲಿಗೇ ಬರುತ್ತಾರೆ. ರೋಣದಲ್ಲಿ ಯಾವ ಮಂಗಳವಾರ ಅಂತ ನಿಮ್ಮ ಊರ ಆಶಾಳನ್ನು ಕೇಳಿಸು. ತುರ್ತು ಬಿದ್ದರೆ ಗದಗ ಜಿಲ್ಲಾ ಆಸ್ಪತ್ರೆಗೆ ಹೋಗಿ. ಧಾರವಾಡದ ಫೈಲ್ ಹುಬ್ಬಳ್ಳಿ ಮನೆಯ ಕಪಾಟಿನಲ್ಲಿ ಬಿಟ್ಟು ಹೋಗಬೇಡ, ತಾಯಿ ಕಾರ್ಡಿನ ಜೊತೆ ಒಂದೇ ಚೀಲದಲ್ಲಿ ಇಟ್ಟುಕೋ.